ಸಣ್ಣ ಆಸ್ಪತ್ರೆಗಳಿಗೆ ಸಿಡಿಸಿಯ ಆಂಟಿಬಯೋಟಿಕ್ ಕೈಪಿಡಿ: ಆಡಳಿತದವರು ಓದಲೇಬೇಕು

ಆಂಟಿಬಯೋಟಿಕ್‌ಗಳನ್ನು ಬೇಕಾದಾಗಷ್ಟೇ, ಸರಿಯಾಗಿ ಬಳಸುವುದು ಹೇಗೆಂದು ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2017ರಲ್ಲಿ ಹೊರತಂದ ಈ ಕೈಪಿಡಿ, 25 ಹಾಸಿಗೆ ಮೀರದ ಹಳ್ಳಿಗಾಡಿನ ಆಸ್ಪತ್ರೆಗಳನ್ನೂ ಗಮನದಲ್ಲಿಟ್ಟು ಬರೆದದ್ದು. ಅಂತರ್ಜಾಲದಲ್ಲಿ ಉಚಿತ. ಅದು ಹೇಳುವ ಏಳು ಅಂಶಗಳಲ್ಲಿ ಮೊದಲನೆಯದೇ ಆಡಳಿತದ ಬದ್ಧತೆ. ಕೈಪಿಡಿಯ ನಿಜವಾದ ಬೆಲೆ ಇರುವುದೂ ಅಲ್ಲೇ.

'ಬೆಂಬಲಿಸುತ್ತೇವೆ' ಎಂದು ಸಹಿ ಹಾಕಿದ ಪತ್ರವನ್ನು ಗೋಡೆಗೆ ಅಂಟಿಸಿದರೆ ಸಾಲದು. ಆಂಟಿಬಯೋಟಿಕ್ ಬಳಕೆ ಗಮನಿಸುವ ಹೊಣೆ ಹೊತ್ತ ವೈದ್ಯರು, ಫಾರ್ಮಸಿಸ್ಟ್ ಇಬ್ಬರಿಗೂ ಅದಕ್ಕೆಂದೇ ಸಮಯ ಗೊತ್ತುಮಾಡಿ ಕೆಲಸದ ಕರಾರಿನಲ್ಲಿ ಬರೆಯಬೇಕು. ಸೋಂಕುರೋಗ ತಜ್ಞರಿಲ್ಲದಿದ್ದರೆ ಫೋನಿನಲ್ಲೋ ವಿಡಿಯೋದಲ್ಲೋ ಸಲಹೆ ಪಡೆಯಲು ಹಣ ತೆಗೆದಿಡಬೇಕು. ಇದಾಗದ ಕಡೆ ಏನಾಗುತ್ತದೆ? 48 ಗಂಟೆ ಕಳೆದು ಕಲ್ಚರ್ ವರದಿ (ಯಾವ ರೋಗಾಣು, ಅದಕ್ಕೆ ಯಾವ ಔಷಧ ನಾಟುತ್ತದೆ ಎನ್ನುವ ಲ್ಯಾಬ್ ವರದಿ) ಬಂದರೂ ಕೇಸ್‌ಶೀಟಿನಲ್ಲೇ ಕೂರುತ್ತದೆ. ಹಲವು ಬಗೆಯ ರೋಗಾಣುಗಳನ್ನು ಕೊಲ್ಲುವ ಮೆರೊಪೆನೆಮ್‌ನಂಥ ಪ್ರಬಲ ಆಂಟಿಬಯೋಟಿಕ್ ನಿಲ್ಲಿಸಿ, ಆ ರೋಗಾಣುವಿಗಷ್ಟೇ ಸಾಕಾಗುವ ಔಷಧಕ್ಕೆ ಇಳಿಯೋಣ ಎನ್ನುವ ಧೈರ್ಯ ಯಾರಿಗೂ ಬರುವುದಿಲ್ಲ. ಹಿರಿಯ ಸರ್ಜನ್ ಬರೆದದ್ದನ್ನು ಫಾರ್ಮಸಿಸ್ಟ್ ಪ್ರಶ್ನಿಸಬೇಕಾದರೆ ಬೆನ್ನಿಗೆ ಆಡಳಿತಾಧಿಕಾರಿ ನಿಂತಿರಲೇಬೇಕು.

ಶುರು ಎಲ್ಲಿಂದ? ಯಾವ ತೊಂದರೆಯೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು ಔಷಧ ಕೊಡುವುದನ್ನು ಮೊದಲು ನಿಲ್ಲಿಸಿ ಎಂಬುದು ನಮ್ಮ ಸಲಹೆ. ಗರ್ಭಿಣಿಯರು, ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಹೋಗುವವರು ಇದಕ್ಕೆ ಹೊರತು. ತಿಂಗಳಿಗೆ ಇಪ್ಪತ್ತು ಕೇಸ್‌ಶೀಟ್ ತೆಗೆದು, ಔಷಧ ಯಾಕೆ, ಡೋಸ್ ಎಷ್ಟು, ಎಷ್ಟು ದಿನ ಎಂದು ಬರೆದಿದೆಯೇ ನೋಡಿ, ಲೆಕ್ಕವನ್ನು ಆಡಳಿತ ಮಂಡಳಿಯ ಸಭೆಯಲ್ಲಿಡಿ.

ಕೈಪಿಡಿಯಲ್ಲಿ ಕೊರತೆಯೊಂದಿದೆ: ಕಲ್ಚರ್‌ಗೆ ಹೊರಗಿನ ಲ್ಯಾಬ್ ನಂಬಿರುವ ನಮ್ಮ ತಾಲೂಕು ನರ್ಸಿಂಗ್ ಹೋಮ್‌ಗಳ ಸ್ಥಿತಿ ಇದಕ್ಕೆ ತಿಳಿಯದು. ಅಂಥಲ್ಲಿ ಮೊದಲ ಡೋಸ್‌ಗೆ ಮುಂಚೆ ಸ್ಯಾಂಪಲ್ ತೆಗೆಯುವುದನ್ನು ಕಡ್ಡಾಯ ಮಾಡಿ. ಔಷಧದ ಆಯ್ಕೆಗೆ ಯಾವ ಸೋಂಕಿಗೆ ಯಾವ ಆಂಟಿಬಯೋಟಿಕ್ ಎಂದು ತಿಳಿಸುವ, ವಿಶ್ವ ಆರೋಗ್ಯ ಸಂಸ್ಥೆಯ 2022ರ 'ಅವೇರ್' (AWaRe) ಪುಸ್ತಕ ಜೊತೆಗಿರಲಿ.