ಕೈಯಾರೆ ಮಾಡಿದ ಮರದ ಸಾಮಾನು ದಾನ ಕೊಡುವವರೇ, ಸ್ವಲ್ಪ ನಿಲ್ಲಿ

ನೇರವಾಗಿ ಹೇಳಿಬಿಡುತ್ತೇನೆ. ಮಕ್ಕಳ ಓದುವ ಕೋಣೆಗೆ ಅಂತ ನಾನು ಮಾಡಿಕೊಟ್ಟ ಟೇಬಲ್ಲನ್ನು ಒಂದು ಸೇವಾ ಸಂಸ್ಥೆಯವರು ಮಾರಿಕೊಂಡಿದ್ದಾರೆ. ಕೇಳಿದರೆ ನನಗೇ ಬುದ್ಧಿ ಹೇಳುತ್ತಾರೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಇವರು ಆಡಿದ ಆಟವನ್ನು ನಾಳೆ ಇನ್ನೊಬ್ಬರೂ ಆಡಬಹುದು. ಮರಗೆಲಸ ಮಾಡುವವರು, ಅದರಲ್ಲೂ ನನ್ನ ಹಾಗೆ ಬಿಡುವಿನಲ್ಲಿ ಉಳಿ ಹಿಡಿಯುವವರು, ಪೂರ್ತಿ ಓದಿ. ಉದ್ದ ಇದೆ. ಸಿಟ್ಟು ಇನ್ನೂ ಇಳಿದಿಲ್ಲ, ಹೇಳಿದ್ದನ್ನೇ ಮತ್ತೆ ಹೇಳಿದರೆ ಸಹಿಸಿಕೊಳ್ಳಿ.

ಇಂಥದ್ದು ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು. ಅವರು ಬೇಕು ಅನ್ನುತ್ತಾರೆ, ನಾವು ಕೊಡುತ್ತೇವೆ ಅನ್ನುತ್ತೇವೆ. ಗಾಡಿ ಬರುತ್ತದೆ, ಒಂದು ಫೋಟೋ, ಒಂದು ರಸೀದಿ, ಮುಗಿಯಿತು. ಮನೆಯಲ್ಲಿ ಬಳಸಿ ಸಾಕಾದ ಸೋಫಾ ಕೊಟ್ಟರೆ ಅದನ್ನು ಮಾರಿಕೊಳ್ಳಲಿ, ಯಾರು ಬೇಡ ಅಂತಾರೆ? ಎಷ್ಟೋ ಸಂಸ್ಥೆಗಳು ನಡೆಯುವುದೇ ಹಾಗೆ. ಬಂದ ಸಾಮಾನು ಮಾರುತ್ತಾರೆ, ಆ ದುಡ್ಡಿನಲ್ಲಿ ಕೆಲಸ ನಡೆಸುತ್ತಾರೆ. ಆದರೆ ಅಂಥವರು ಅದನ್ನು ಮೊದಲೇ ಬಾಯಿ ಬಿಟ್ಟು ಹೇಳುತ್ತಾರೆ. ಅವರ ಮೇಲೆ ನನ್ನ ತಕರಾರು ಇಲ್ಲ.

ನನಗೆ ಹೇಳಿದ್ದು ಬೇರೆ. ಆ ಸಂಸ್ಥೆಯ ಸಂಚಾಲಕಿ ಮೇಡಂ ತಾವಾಗಿಯೇ ಫೋನ್ ಮಾಡಿದರು. ಓದುವ ಕೋಣೆ ಮಾಡುತ್ತಿದ್ದೇವೆ, ಆರೇಳು ವರ್ಷದ ಮಕ್ಕಳು, ನೆಲದ ಮೇಲೆ ಕೂತು ಬೆನ್ನು ಬಗ್ಗಿಸಿ ಬರೆಯುತ್ತಾವೆ, ನೀವು ಮರಗೆಲಸ ಚೆನ್ನಾಗಿ ಮಾಡ್ತೀರಂತೆ, ಮಕ್ಕಳಿಗೋಸ್ಕರ ಏನಾದರೂ ಮಾಡಿಕೊಡಿ ಸಾರ್ ಅಂದರು. ಮಕ್ಕಳಿಗೋಸ್ಕರ. ಈ ಮಾತು ನೆನಪಿಟ್ಟುಕೊಳ್ಳಿ.

ಒಂದು ಉದ್ದನೆ ಟೇಬಲ್, ಎರಡು ಬೆಂಚು, ಒಂದು ಪುಸ್ತಕದ ಕಪಾಟು. ಒಪ್ಪಿಕೊಂಡೆ.

ಮರ ನನ್ನದಲ್ಲ. ಪಕ್ಕದ ಮನೆಯ ಅಜ್ಜಿ ಕೊಟ್ಟಿದ್ದು. ಅವರ ಹಳೆ ಮನೆ ಕೆಡವಿದಾಗ ಉಳಿದ ತೇಗದ ಬಾಗಿಲುಗಳು, ತೊಲೆಯ ತುಂಡುಗಳು. ಮಕ್ಕಳಿಗೆ ಅಂದಮೇಲೆ ತಗೋಪ್ಪಾ ಅಂದರು. ಹಳೆ ಮರದ ಕೆಲಸ ಮಾಡಿದವರಿಗೆ ಗೊತ್ತು, ಅದು ಚೆನ್ನಾಗಿ ಒಣಗಿರುತ್ತೆ, ಆದರೆ ಒಳಗೆ ಮುರಿದ ಮೊಳೆ ಅಡಗಿರುತ್ತೆ. ಒಂದೊಂದು ಹಲಗೆಯ ಮೇಲೂ ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ ತೆಗೆದೆ. ಆದರೂ ಒಂದು ತಪ್ಪಿಸಿಕೊಂಡು, ಮರ ಹೆರೆಯುವ ಹತ್ತರಿಯ ಅಲಗು ಮುಕ್ಕಾಯಿತು.

ಎತ್ತರದ ವಿಷಯ ಇಲ್ಲಿ ಸ್ವಲ್ಪ ಹೇಳಲೇಬೇಕು, ಮುಂದೆ ಬೇಕಾಗುತ್ತೆ. ದೊಡ್ಡವರು ಬರೆಯುವ ಟೇಬಲ್ ಸುಮಾರು 29-30 ಇಂಚು ಇರುತ್ತದೆ. ಆರೇಳು ವರ್ಷದ ಮಗುವಿಗೆ ಅದು ಗದ್ದಕ್ಕೆ ಬರುತ್ತೆ. ಅವರಿಗೆ 22-23 ಇಂಚು ಸಾಕು, ಬೆಂಚು 13-14 ಇಂಚು. ಹಾಗೇ ಮಾಡಿದೆ. ಮೂಲೆಗಳನ್ನೆಲ್ಲ ದುಂಡು ಮಾಡಿದೆ. ಬೆಂಚಿನ ಅಡಿಯನ್ನೂ ಉಜ್ಜಿ ನುಣುಪು ಮಾಡಿದೆ, ಮಕ್ಕಳು ಕೂತಲ್ಲೇ ಕೈ ಹಾಕಿ ಅಡಿ ಸವರುತ್ತಾವೆ, ಸಿಬುರು ಚುಚ್ಚಬಾರದು ಅಂತ. ಮೇಲ್ಹಲಗೆಯನ್ನು ಗೋಂದು ಹಾಕಿ ಬಿಗಿಯಲಿಲ್ಲ. ಮರ ಉದ್ದಕ್ಕೆ ಹೆಚ್ಚುಕಮ್ಮಿ ಹಾಗೇ ಇರುತ್ತೆ, ಅಗಲಕ್ಕೆ ಮಾತ್ರ ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುತ್ತೆ. ಅದಕ್ಕೆ ಜಾಗ ಕೊಡದಿದ್ದರೆ ಒಂದಲ್ಲ ಒಂದು ದಿನ ಸೀಳುತ್ತೆ. ಹಾಗಾಗಿ ಚೌಕಟ್ಟಿನಲ್ಲಿ ತೋಡು ಕೊರೆದು ಮರದ ಕೊಂಡಿಗಳಿಂದ ಹಿಡಿಸಿದೆ. ಪಾಲಿಷ್‌ಗೆ ಅರಗು. ಮಕ್ಕಳು ಟೇಬಲ್ ಅಂಚು ಕಚ್ಚುತ್ತಾವೆ ಅಲ್ವಾ, ಅರಗನ್ನು ಮಾತ್ರೆಗೂ ಮಿಠಾಯಿಗೂ ಹಚ್ಚುತ್ತಾರೆ, ಒಣಗಿದ ಮೇಲೆ ಭಯ ಇಲ್ಲ.

ಒಂದು ಹಲಗೆಯ ತುದಿಯಲ್ಲಿ ಗಂಟಿನ ಪಕ್ಕ ಬಿರುಕು ಇತ್ತು. ಹಲಗೆ ಬಿಸಾಕಲು ಮನಸ್ಸಾಗಲಿಲ್ಲ. ಬಿರುಕಿಗೆ ಅಡ್ಡಲಾಗಿ ಡಮರು ಆಕಾರದ ಒಂದು ಗಟ್ಟಿ ತುಂಡು ಕೂರಿಸಿದೆ, ಬಿರುಕು ಮುಂದೆ ಹೋಗದ ಹಾಗೆ. ಕಪ್ಪು ಮರದ ತುಂಡು. ಅದರ ಒಂದು ಮೂಲೆಯಲ್ಲಿ ಉಳಿ ಜಾರಿ ಕೂದಲೆಳೆಯಷ್ಟು ಸಂದಿ ಉಳಿದಿತ್ತು. ಅದು ನನಗೆ ಮಾತ್ರ ಕಾಣುವ ಸಂದಿ.

ಈಗ ಗಾಡಿ ಬಂದ ದಿನಕ್ಕೆ ಬರೋಣ. ಬಂದವರು ಇಬ್ಬರು ಹುಡುಗರು ಮತ್ತು ಮೇಡಂ. ಫೋಟೋ ತೆಗೆದರು. ನನ್ನನ್ನು ಟೇಬಲ್ ಪಕ್ಕ ನಿಲ್ಲಿಸಿ, ಕೈ ಮೇಲಿಟ್ಟು, ನಗಿ ಸಾರ್ ಅಂದರು. ನಕ್ಕೆ. ಆ ಫೋಟೋ ಈಗ ನೋಡಿದರೆ ಮೈ ಉರಿಯುತ್ತದೆ.

ಮೇಡಂ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಎತ್ತರ ಎಷ್ಟು, ಬಾಗಿಲಲ್ಲಿ ಹಿಡಿಯುತ್ತಾ, ಕೋಣೆಗೆ ಹೊಂದುತ್ತಾ, ಏನೂ ಇಲ್ಲ. ನಿಜವಾಗಿ ಬಳಸುವವರು ಹೀಗೆ ಇರುವುದಿಲ್ಲ ಸ್ವಾಮಿ. ಹಿಂದೆ ಒಂದು ಶಿಶುವಿಹಾರಕ್ಕೆ ತೊಟ್ಟಿಲು ಕೊಡುತ್ತೇನೆ ಅಂದಾಗ ಅವರು ಸರಳುಗಳ ಸಂದಿ ಅಳೆದು, ಸುಮಾರು 6 ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತೆ, ಬೇಡ ಅಂತ ಮುಖಕ್ಕೇ ಹೇಳಿ ಕಳಿಸಿದ್ದರು. ಆಗ ಬೇಜಾರಾಗಿತ್ತು. ಈಗ ಅವರ ಮೇಲೆ ಗೌರವ ಬಂದಿದೆ. ಕಪಾಟನ್ನು ಗೋಡೆಗೆ ಬಿಗಿಯಲೇಬೇಕು, ಮಕ್ಕಳು ಖಾನೆ ಹತ್ತಿದರೆ ಮೈಮೇಲೆ ಬೀಳುತ್ತೆ, ಅದಕ್ಕೆ ಕಬ್ಬಿಣದ ಪಟ್ಟಿಯನ್ನೂ ಸ್ಕ್ರೂಗಳನ್ನೂ ಕಟ್ಟಿಟ್ಟಿದ್ದೇನೆ ಅಂತ ನಾನೇ ಹೇಳಿದೆ. ಮೇಡಂ ಹೂಂ ಹೂಂ ಅಂತ ಫೋನ್ ನೋಡುತ್ತಿದ್ದರು.

ರಸೀದಿ ಕೊಟ್ಟರು. ಏನು ಬರೆದಿತ್ತು ಗೊತ್ತಾ? "ಹಳೆ ಪೀಠೋಪಕರಣ, ಒಂದು ಲೋಡ್." ಅಷ್ಟೇ. ಟೇಬಲ್ ಅಂತಿಲ್ಲ, ಬೆಂಚು ಅಂತಿಲ್ಲ, ಓದುವ ಕೋಣೆಗೆ ಅಂತಿಲ್ಲ. ಇದು ಹಳೆಯದಲ್ಲವಲ್ಲ ಮೇಡಂ ಅಂದೆ. "ಅದು ನಮ್ಮ ಫಾರ್ಮ್ಯಾಟ್ ಸಾರ್, ಎಲ್ಲರಿಗೂ ಹೀಗೇ ಬರೆಯೋದು" ಅಂದರು.

ಆಮೇಲೆ ಸುದ್ದಿ ಇಲ್ಲ. ಮಕ್ಕಳು ಕೂತು ಓದುವ ಒಂದು ಫೋಟೋ ಕಳಿಸಿ ಮೇಡಂ ಅಂತ ಕೇಳಿದರೆ ಕೈ ಮುಗಿದ ಚಿತ್ರ ಬರುತ್ತಿತ್ತು. ಮತ್ತೆ ಕೇಳಿದರೆ ಮತ್ತೆ ಕೈ ಮುಗಿದ ಚಿತ್ರ.

ಹೀಗಿರುವಾಗ ಗೆಳೆಯನೊಬ್ಬ ಫೋನಿಗೆ ಒಂದು ಮಾರಾಟದ ಜಾಹೀರಾತು ಕಳಿಸಿದ. "ನೋಡೋ, ಈ ಟೇಬಲ್ ನಿನ್ನ ಕೈಕೆಲಸದ ಥರಾನೇ ಇದೆ" ಅಂತ. ನನಗೆ ಖುಷಿ ಆಯಿತು, ನಂಬಿ. ಇನ್ಯಾರೋ ಇದೇ ರೀತಿ ಮಾಡುತ್ತಾರಲ್ಲಾ ಅಂತ ಫೋಟೋ ದೊಡ್ಡದು ಮಾಡಿದೆ. ದುಂಡು ಮೂಲೆ. ಸರಿ. ಕಾಲಿನ ಇಳಿಜಾರು ಕೂಡ ನನ್ನ ಥರಾನೇ. ಸರಿ. ತುದಿಗೆ ಸರಿಸಿದೆ. ಗಂಟು. ಗಂಟಿನ ಪಕ್ಕ ಕಪ್ಪು ಡಮರು. ಇನ್ನೂ ದೊಡ್ಡದು ಮಾಡಿದೆ. ಮೂಲೆಯಲ್ಲಿ ಸಂದಿ.

ನನ್ನ ಟೇಬಲ್.

ಸುಮಾರು ಹೊತ್ತು ಫೋನ್ ಹಿಡಿದುಕೊಂಡು ಸುಮ್ನೆ ಕೂತಿದ್ದೆ. ಗೆಳೆಯ ಆ ಕಡೆಯಿಂದ "ಚೆನ್ನಾಗಿದೆ ಅಲ್ವಾ?" ಅಂತ ಕೇಳುತ್ತಲೇ ಇದ್ದ. ಏನಂತ ಹೇಳಲಿ? ಊರಿಗೆಲ್ಲ ಮಕ್ಕಳಿಗೆ ಕೊಟ್ಟೆ ಅಂತ ಹೇಳಿಕೊಂಡು ಬಂದವನು ನಾನೇ.

ಜಾಹೀರಾತಿನ ಬರಹ ಓದಿದಾಗ ಪಿತ್ತ ನೆತ್ತಿಗೇರಿತು. "ಗಟ್ಟಿ ತೇಗ. ನುರಿತ ಕುಶಲಕರ್ಮಿಯ ಕೈಯಿಂದ ಮಾಡಿದ್ದು. ಹಾಲ್ ಮಧ್ಯೆ ಇಡಲು ಸೊಗಸಾದ ಸೆಂಟರ್ ಟೇಬಲ್." ರಸೀದಿಯಲ್ಲಿ ಹಳೆ ಪೀಠೋಪಕರಣ, ಮಾರುವಾಗ ನುರಿತ ಕುಶಲಕರ್ಮಿ! ಕೊನೆಯ ಸಾಲು ಕೇಳಿ: "ಎತ್ತರ ಜಾಸ್ತಿ ಅನಿಸಿದರೆ ಕಾಲು ಕತ್ತರಿಸಿ ಕೊಡಲಾಗುವುದು."

ಕಾಲು ಕತ್ತರಿಸಿ ಕೊಡುತ್ತಾರಂತೆ. ಅದು ಯಾಕೆ ಆ ಎತ್ತರ ಇದೆ ಅಂತ ಅವರಿಗೆ ಗೊತ್ತು. ನಾನೇ ಹೇಳಿದ್ದೆ. ಮಗುವಿನ ಮೊಣಕೈಗೆ ಸರಿಯಾಗಿ ಬರಲಿ ಅಂತ ಮಾಡಿದ ಎತ್ತರ ಅದು.

ಮೇಡಂಗೆ ಜಾಹೀರಾತಿನ ಚಿತ್ರ ಕಳಿಸಿ ಇದೇನು ಅಂತ ಕೇಳಿದೆ. ಈ ಸಲ ಕೈ ಮುಗಿದ ಚಿತ್ರ ಬರಲಿಲ್ಲ. ಓದಿದ್ದಾರೆ ಅಂತ ಗುರುತು ಬಂತು, ಉತ್ತರ ಇಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಬೇರೆ ನಂಬರಿನಿಂದ ಮಾಡಿದರೆ ಎತ್ತಿದರು.

"ಸಾರ್, ನಿಮ್ಮ ಭಾವನೆ ನಮಗೆ ಅರ್ಥ ಆಗುತ್ತೆ. ಟೇಬಲ್ ಕೋಣೆಗೆ ಹೊಂದಲಿಲ್ಲ."

ಯಾವ ಕೋಣೆಗೆ ಮೇಡಂ?

"ಓದುವ ಕೋಣೆ ಮುಂದಿನ ಹಂತದಲ್ಲಿದೆ ಸಾರ್."

ಅಂದರೆ ಕೋಣೆಯೇ ಇಲ್ಲ. ಇಲ್ಲದ ಕೋಣೆಗೆ ಟೇಬಲ್ ಹೊಂದಲಿಲ್ಲ! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಹೊಂದದಿದ್ದರೆ ನನಗೆ ಒಂದು ಮಾತು ಹೇಳಬಹುದಿತ್ತಲ್ಲ, ನಾನೇ ಬಂದು ಸರಿ ಮಾಡುತ್ತಿದ್ದೆ ಅಂದೆ. "ನಿಮಗೆ ತೊಂದರೆ ಕೊಡೋದು ಬೇಡ ಅಂತ ಸಾರ್." ಮಾರಿದ ದುಡ್ಡು ಎಲ್ಲಿ ಅಂದೆ. "ಮಕ್ಕಳಿಗೇ ಹೋಗುತ್ತೆ ಸಾರ್." ಎಷ್ಟು ಬಂತು ಅಂದೆ. "ಅದು ಆಂತರಿಕ ವಿಷಯ, ಅಧ್ಯಕ್ಷರನ್ನು ಕೇಳಿ."

ಅಧ್ಯಕ್ಷರನ್ನು ಹುಡುಕಿಕೊಂಡು ಹೋದೆ. ಅವರ ಕೋಣೆಗೆ ಕಾಲಿಟ್ಟ ತಕ್ಷಣ ಕಂಡಿದ್ದು ನನ್ನ ಕಪಾಟು. ಮಕ್ಕಳ ಪುಸ್ತಕಕ್ಕೆ ಮಾಡಿದ ಖಾನೆಗಳಲ್ಲಿ ಅವರಿಗೆ ಬಂದ ಫಲಕಗಳು, ಸನ್ಮಾನದ ಫೋಟೋಗಳು. ಗೋಡೆಗೆ ಬಿಗಿದಿರಲಿಲ್ಲ. ಪಟ್ಟಿ, ಸ್ಕ್ರೂ ಎಲ್ಲ ನಾನು ಕಟ್ಟಿಕೊಟ್ಟ ಪೊಟ್ಟಣದಲ್ಲೇ ಅದರ ಮೇಲೆ ಕೂತಿದ್ದವು. ಬೆಂಚುಗಳು ಹೊರಗೆ, ಬಿಸಿಲು ಮಳೆ ಎರಡೂ ಬೀಳುವ ಜಾಗದಲ್ಲಿ. ಅದರ ಮೇಲೆ ಚಪ್ಪಲಿ. ಅರಗಿನ ಪಾಲಿಷ್‌ಗೆ ನೀರು ಆಗಿಬರುವುದಿಲ್ಲ, ಬೆಳ್ಳಗೆ ಕಲೆ ಕಟ್ಟಿಹೋಗಿತ್ತು.

ಅಧ್ಯಕ್ಷರು ಬಹಳ ಮರ್ಯಾದೆಯಿಂದ ಮಾತಾಡಿದರು. ಆ ಮರ್ಯಾದೆಯೇ ಜಾಸ್ತಿ ಚುಚ್ಚಿದ್ದು. "ನೋಡಿ, ದಾನ ಕೊಟ್ಟ ಮೇಲೆ ಅದರ ಮೇಲೆ ಮೋಹ ಇಟ್ಟುಕೊಳ್ಳಬಾರದು. ಬಲಗೈಯಲ್ಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತಾರೆ ದೊಡ್ಡವರು."

ಎಡಗೈಗೆ ಗೊತ್ತಾಗಬಾರದು, ಸರಿ. ಎಡಗೈ ಅದನ್ನು ಮಾರಿಕೊಳ್ಳಬಹುದು ಅಂತ ಯಾವ ದೊಡ್ಡವರು ಹೇಳಿದ್ದಾರೆ ಅಂತ ಕೇಳಿದೆ. ಅವರ ಮುಖ ಗಟ್ಟಿಯಾಯಿತು. ಡ್ರಾಯರಿನಿಂದ ರಸೀದಿ ಪುಸ್ತಕ ತೆಗೆದು ನನ್ನ ರಸೀದಿಯ ಪ್ರತಿ ತೋರಿಸಿದರು. "ಇಲ್ಲಿ ಏನು ಬರೆದಿದೆ ಓದಿ. ಹಳೆ ಪೀಠೋಪಕರಣ, ಒಂದು ಲೋಡ್. ಯಾವ ಷರತ್ತೂ ಇಲ್ಲ. ನಿಮ್ಮ ಸಹಿಯೂ ಇದೆ."

ಆಗ ಅರ್ಥವಾಯಿತು ಆ ಫಾರ್ಮ್ಯಾಟ್ ಯಾಕೆ ಹಾಗಿದೆ ಅಂತ.

ತಿಳಿದವರನ್ನು ವಿಚಾರಿಸಿದೆ. ಕೈಗೆ ಒಪ್ಪಿಸಿದ ಮೇಲೆ ಸಾಮಾನು ಪಡೆದವರದ್ದು, ಮನಸ್ಸು ಬದಲಾಯಿತು ಅಂತ ವಾಪಸ್ ಕೇಳಲು ಸಾಮಾನ್ಯವಾಗಿ ಬರುವುದಿಲ್ಲ. ಬಾಯಿಮಾತಿನ ಭರವಸೆಯನ್ನು ಸಾಬೀತು ಮಾಡುವುದು ಕಷ್ಟ. ಆದರೆ ಇಂಥ ಕೆಲಸಕ್ಕೇ ಅಂತ ಬರೆದು ಕೊಟ್ಟು, ಅವರು ಹಾಗೇ ಬರೆದು ಪಡೆದಿದ್ದರೆ ಕತೆ ಬೇರೆ ಇರುತ್ತಿತ್ತು. ಆಗ ಅದನ್ನು ಬೇರೆ ಲೆಕ್ಕದಲ್ಲಿ ಇಡಬೇಕಾಗುತ್ತಿತ್ತು, ಕೇಳಿದರೆ ತೋರಿಸಬೇಕಾಗುತ್ತಿತ್ತು.

ಇಷ್ಟೆಲ್ಲ ಜಗಳ ಆದಮೇಲೂ ಮೇಡಂ ಕಡೆಯಿಂದ ಒಂದು ಮೆಸೇಜ್ ಬಂತು. ಕ್ಷಮೆ ಕೇಳುತ್ತಾರೇನೋ ಅಂದುಕೊಂಡು ತೆರೆದೆ. "ಸಾರ್, ಅದೇ ಥರದ ಇನ್ನೊಂದು ಟೇಬಲ್ ಮಾಡಿಕೊಡಲು ಆಗುತ್ತಾ? ಮಕ್ಕಳಿಗೋಸ್ಕರ." ಇವರ ಧೈರ್ಯಕ್ಕೆ ಏನನ್ನಬೇಕು!

ಎಲ್ಲಕ್ಕಿಂತ ಜಾಸ್ತಿ ನಾಚಿಕೆ ಆಗಿದ್ದು ಅಜ್ಜಿಯ ಮುಂದೆ. ಸಿಕ್ಕಾಗಲೆಲ್ಲ "ಮಕ್ಕಳು ಕೂತು ಬರೀತಾವೇನಪ್ಪಾ, ಒಂದು ಸಲ ಕರಕೊಂಡು ಹೋಗು" ಅನ್ನುತ್ತಿದ್ದರು. ಕೊನೆಗೆ ನಿಜ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. "ಮಾರಿದವರು ನಿನಗೆ ಹೇಳಲಿಲ್ವಾ?" ಅಂತ ಮಾತ್ರ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಮಗೆ ಹೇಳುವುದಿಷ್ಟು. ಮೊದಲು ಜಾಗ ನೋಡಿ. ಓದುವ ಕೋಣೆ ಅಂದರೆ ಕೋಣೆ ತೋರಿಸಿ ಅನ್ನಿ, ಟೇಪ್ ತಗೊಂಡು ಹೋಗಿ ಅಳೆಯಿರಿ. ತೋರಿಸಲು ಕೋಣೆ ಇಲ್ಲದಿದ್ದರೆ ಉಳಿ ಮುಟ್ಟಬೇಡಿ. ರಸೀದಿಯಲ್ಲಿ ಒಂದೊಂದು ಸಾಮಾನೂ ಬೇರೆ ಬೇರೆ ಬರೆಸಿ, ಯಾವ ಮರ, ಅಳತೆ ಎಷ್ಟು, ಯಾವ ಕೆಲಸಕ್ಕೆ. ಬೇಡವಾದರೆ ಮೊದಲು ನಿಮಗೆ ತಿಳಿಸಬೇಕು ಅನ್ನುವ ಸಾಲು ಸೇರಿಸಿ. ಫಾರ್ಮ್ಯಾಟ್ ಅಂದರೆ ಗಾಡಿ ವಾಪಸ್ ಕಳಿಸಿ. ಟೇಬಲ್ ಅಡಿಯಲ್ಲಿ, ಅಳಿಸಲು ಆಗದ ಹಾಗೆ, ಇದು ಇಂಥ ಮಕ್ಕಳ ಬಳಕೆಗೆ ಉಚಿತವಾಗಿ ಕೊಟ್ಟಿದ್ದು ಅಂತ ಕಾಯಿಸಿದ ಕಬ್ಬಿಣದಿಂದ ಸುಟ್ಟು ಬರೆಯಿರಿ. ಕೊಳ್ಳುವವರಾದರೂ ತಿರುಗಿಸಿ ನೋಡಿದಾಗ ಓದಿಕೊಳ್ಳಲಿ. ಇನ್ನು ನಗಿ ಸಾರ್ ಅಂದರೆ ನಗಬೇಡಿ.

ಟೇಬಲ್ ಹೋಯಿತು, ಅದು ಬರುವುದಿಲ್ಲ. ಬೆಂಚುಗಳನ್ನಾದರೂ ಕೊಡಿ, ಮಕ್ಕಳಿರುವ ಕಡೆ ನಾನೇ ಮುಟ್ಟಿಸುತ್ತೇನೆ ಅಂತ ಅಧ್ಯಕ್ಷರಿಗೆ ಕಾಗದ ಬರೆದಿದ್ದೇನೆ, ಪ್ರತಿಯ ಮೇಲೆ ಅವರ ಕಚೇರಿಯ ಮುದ್ರೆ ಹಾಕಿಸಿಕೊಂಡಿದ್ದೇನೆ. ಸಮಿತಿಯ ಮುಂದೆ ಇಡುತ್ತೇವೆ ಅಂದಿದ್ದಾರೆ. ಸಮಿತಿ ಯಾವಾಗ ಸೇರುತ್ತದೆ ಅಂತ ಕೇಳಿದ್ದಕ್ಕೆ ಮೇಡಂ ಕಡೆಯಿಂದ ಮತ್ತೆ ಕೈ ಮುಗಿದ ಚಿತ್ರ ಬಂದಿದೆ.