ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್: ಕನ್ನಡದಲ್ಲೂ ಸಿಗುತ್ತೆ, ಕೇಳಬೇಕು ಅಷ್ಟೇ

ಡಿಪೆಂಡೆಂಟ್ ವೀಸಾದಲ್ಲಿ ಇಂಗ್ಲೆಂಡಿಗೆ ಬಂದು, ನವೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗೋದನ್ನು ಒಬ್ಬರೇ ಕೂತು ನೋಡುವ ಹೆಂಗಸರಿಗೆ ಈ ರಿವ್ಯೂ. ಊರಿನವರು ಫೋನಲ್ಲಿ "ನಿನಗೇನಮ್ಮಾ ಕಡಿಮೆ ಅಲ್ಲಿ?" ಅಂತಾರೆ. ಅವರಿಗೆ ಏನು ಹೇಳೋದು?

ಟಾಕಿಂಗ್ ಥೆರಪೀಸ್ ಅಂದರೆ ಮನಸ್ಸು ಕುಗ್ಗಿದವರಿಗೆ, ಗಾಬರಿಯಾಗುವವರಿಗೆ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಕೊಡುವ ಮಾತಿನ ಚಿಕಿತ್ಸೆ. ಇದಕ್ಕೆ ಡಾಕ್ಟರ ಚೀಟಿ ಬೇಡ. ಜಿಪಿಯಲ್ಲಿ, ಅಂದರೆ ನಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರ ಹತ್ತಿರ, ಹೆಸರು ನೋಂದಾಯಿಸಿದ್ದರೆ ಸಾಕು, ಆನ್‌ಲೈನಲ್ಲಿ ನಾವೇ ಫಾರಂ ತುಂಬಬಹುದು. ದುಡ್ಡು ಕೊಡಬೇಕಿಲ್ಲ. ನಮ್ಮಲ್ಲಿ ಹೆಚ್ಚಿನವರಿಂದ ವೀಸಾ ಜೊತೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್ಚಾರ್ಜ್ (ಎನ್‌ಎಚ್‌ಎಸ್ ಬಳಸೋದಕ್ಕೆ ಶುಲ್ಕ) ಆಗಲೇ ಕಟ್ಟಿಸಿಕೊಂಡಿದ್ದಾರೆ, ಅಲ್ವಾ? ಆಶ್ರಯ ಕೋರಿ ಬಂದವರಿಗೂ ನಿರಾಶ್ರಿತರಿಗೂ ಅದೂ ಇಲ್ಲ.

ಶುರುವಿನಲ್ಲಿ ಪ್ರಶ್ನೆಪಟ್ಟಿ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಊಟ ಹೇಗಿತ್ತು, ಗಾಬರಿ ಎಷ್ಟು. ಸೊನ್ನೆಯಿಂದ ಮೂರರವರೆಗೆ ಅಂಕ. ಪ್ರತಿ ಸಲವೂ ಅದೇ. ಅಪ್ಪನಿಗೆ ಸ್ಟ್ರೋಕ್ ಆದಾಗ ಐಸಿಯು ಬಾಗಿಲನ್ನು ವಿಡಿಯೋ ಕಾಲಲ್ಲಿ ನೋಡುತ್ತಾ ಕೂತಿದ್ದಕ್ಕೆ ಎಷ್ಟು ಅಂಕ ಹಾಕಲಿ?

ಇಂಗ್ಲಿಷಲ್ಲಿ ಸ್ಕೂಲು, ಬ್ಯಾಂಕು ಎಲ್ಲಾ ನಿಭಾಯಿಸುತ್ತೇನೆ. ಅಳು ಬಂದಾಗ ಮಾತ್ರ ಒಂದು ವಾಕ್ಯವೂ ಹೊರಡಲ್ಲ. ಹಾಗಾಗಿ ಇಂಟರ್‌ಪ್ರಿಟರ್ ಕೇಳಿದೆ. ಅದೂ ಪುಕ್ಕಟೆ. ಹೊರಗಿನ ಏಜೆನ್ಸಿಯೊಂದು ಮೊದಲು ಹಿಂದಿಯವರನ್ನು ಕಳಿಸಿತು. ಇಂಡಿಯಾ ಅಂದರೆ ಹಿಂದಿ ಅಂದುಕೊಂಡರೇನೋ. ಕನ್ನಡದವರೇ ಸಿಗ್ತಾರೆ ಅಂದಾಗ ಇನ್ನೊಂದು ಭಯ: ಯುಗಾದಿ ಊಟಕ್ಕೆ ನನ್ನ ಕಥೆಯನ್ನೂ ಒಬ್ಬಟ್ಟಿನ ಜೊತೆ ಬಡಿಸಿಬಿಟ್ಟರೆ? "ದೂರದ ಊರಿನವರು ಬೇಕು, ಫೋನಲ್ಲೇ ಸಾಕು, ನನ್ನ ಹೆಸರು ಹೇಳಬೇಡಿ" ಅಂದೆ. ಒಪ್ಪಿದರು. ನೀವೂ ಬುಕ್ ಮಾಡುವಾಗಲೇ ಹೇಳಿ. ಎಲ್ಲಾ ಮಾತೂ ಎರಡೆರಡು ಸಲ ಆಗೋದರಿಂದ ಹೊತ್ತು ಸಾಲಲ್ಲ, ಜಾಸ್ತಿ ಸಮಯವನ್ನೂ ಕೇಳಿ.

ಥೆರಪಿಸ್ಟ್ ಕೊಟ್ಟ ಕೆಲಸ ಸಣ್ಣದು: ದಿನಕ್ಕೊಂದು ಚಟುವಟಿಕೆ ಬರೆದು, ಮಾಡಿ, ಆಮೇಲೆ ಮನಸ್ಸು ಹೇಗಿತ್ತು ಅಂತ ಗುರುತು ಹಾಕೋದು. ಕಾಟಾಚಾರ ಅನ್ನಿಸಿತು. ಆದರೂ ಹನ್ನೊಂದು ಗಂಟೆಗೆ ಕೋಟು ಹಾಕ್ಕೊಂಡು ಲೈಬ್ರರಿವರೆಗೆ ನಡೆದ ದಿನ, ಮಧ್ಯಾಹ್ನ ಮತ್ತೆ ಹಾಸಿಗೆಗೆ ಹೋಗುತ್ತಿರಲಿಲ್ಲ. ಈಗಲೂ ನಡೀತೀನಿ.

ಯುದ್ಧ, ಚಿತ್ರಹಿಂಸೆ ಅನುಭವಿಸಿ ಬಂದವರಿಗೆ ಇಷ್ಟು ಸಾಲದು. ಅವರಿಗೆ 1985ರಿಂದ ಇರುವ ಫ್ರೀಡಂ ಫ್ರಮ್ ಟಾರ್ಚರ್‌ನಂಥ ಸಂಸ್ಥೆಗಳಿವೆ. ಕೌನ್ಸೆಲಿಂಗ್‌ಗೆ ಹೋದರೆ ವೀಸಾಗೆ ತೊಂದರೆ ಅನ್ನೋದು ಬರೀ ವಾಟ್ಸಾಪ್ ಗುಲ್ಲು. ಜೀವಕ್ಕೆ ಅಪಾಯ ಅನ್ನಿಸಿದರೆ ಈ ಫಾರಂ ತುಂಬುತ್ತಾ ಕೂರಬೇಡಿ. 999ಕ್ಕೆ ಫೋನ್ ಮಾಡಿ, ಇಲ್ಲವೇ 111 ಒತ್ತಿ ಮಾನಸಿಕ ಆರೋಗ್ಯಕ್ಕೆ 2 ಆರಿಸಿ. ರಾತ್ರಿಯೂ ಎತ್ತುತ್ತಾರೆ.