ನಾಲ್ಕು ಮಳೆಗಾಲ ಕಂಡ ಎಂ1 ಮ್ಯಾಕ್‌ಬುಕ್ ಏರ್

ನಮ್ಮ ಮನೆ ಶಿರಸಿ ಪೇಟೆಯಿಂದ ದೂರ, ಅಡಿಕೆ ತೋಟದ ಮಗ್ಗುಲಲ್ಲಿ. ಜೂನ್ ಬಂತೆಂದರೆ ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದಿರುತ್ತದೆ. ಕರೆಂಟು ಹೋದರೆ ಬಂದಾಗಲೇ ಬಂತು. ನನ್ನ ಕೆಲಸ ಯಕ್ಷಗಾನದ ವಿಡಿಯೊ ಎಡಿಟಿಂಗ್. ಬೇಸಿಗೆಯಲ್ಲಿ ಆಟ ಶೂಟ್ ಮಾಡುತ್ತೇನೆ, ಮಳೆಗಾಲದಲ್ಲಿ ಕೂತು ಎಡಿಟ್ ಮಾಡುತ್ತೇನೆ. ಅಂದರೆ ಕರೆಂಟು ಇಲ್ಲದ ದಿನಗಳಲ್ಲೇ ನನಗೆ ಕೆಲಸ ಜಾಸ್ತಿ.

ಹಳೆಯ ಲ್ಯಾಪ್‌ಟಾಪ್ ಚಾರ್ಜರ್ ತೆಗೆದರೆ ಒಂದೂವರೆ ಗಂಟೆ ಬರುತ್ತಿತ್ತು. ಅದರ ಫ್ಯಾನು ಭರ್ರೋ ಅನ್ನುವಾಗ ಭಾಗವತರ ಪದ್ಯಕ್ಕೂ ಮದ್ದಳೆಗೂ ದನಿ ಹೊಂದಿಸುವುದೇ ಕಷ್ಟ. ಅಡಿಕೆ ಸುಲಿಯುವ ಕಾಲದ ಧೂಳೆಲ್ಲ ಅದರ ಹೊಟ್ಟೆಯಲ್ಲಿತ್ತು. 2021ರ ದೀಪಾವಳಿಗೆ ಈ ಎಂ1 ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್ ತಗೊಂಡೆ. ಇದರಲ್ಲಿ ಫ್ಯಾನೇ ಇಲ್ಲ.

ಎಂ1 ಅಂದರೆ ಇದರೊಳಗಿರುವ ಆಪಲ್ ಕಂಪನಿಯ ಚಿಪ್ಪು, ಬಂದದ್ದು 2020ರ ನವೆಂಬರಿನಲ್ಲಿ. 5 ನ್ಯಾನೊಮೀಟರ್ ಅನ್ನುವ ತಂತ್ರದಲ್ಲಿ ಮಾಡಿದ್ದು, ಅದರೊಳಗೆ 1600 ಕೋಟಿ ಟ್ರಾನ್ಸಿಸ್ಟರ್. ಫೋನುಗಳಲ್ಲಿರುವ ಆರ್ಮ್ ವಿನ್ಯಾಸವೇ ಇದಕ್ಕೂ ಬುನಾದಿ. ಕೋರ್ ಅಂದರೆ ಲೆಕ್ಕ ಮಾಡುವ ಘಟಕ. ಎಂಟು ಕೋರ್‌ಗಳಲ್ಲಿ ನಾಲ್ಕು ಭಾರದ ಕೆಲಸಕ್ಕೆ, ನಾಲ್ಕು ಹಗುರ ಕೆಲಸಕ್ಕೆ. ಟೈಪ್ ಮಾಡುವಾಗ ಸಣ್ಣ ಕೋರ್‌ಗಳೇ ಸಾಕು, ದೊಡ್ಡವು ಸುಮ್ನೆ ಇರುತ್ತವೆ. ಎಚ್‌ಇವಿಸಿ ಅನ್ನುವ ರೀತಿಯಲ್ಲಿ ಒತ್ತಿ ಚಿಕ್ಕದು ಮಾಡಿದ ವಿಡಿಯೊ ಬಿಚ್ಚಲು, ಮತ್ತೆ ಕಟ್ಟಲು ಚಿಪ್ಪಿನೊಳಗೇ ಬೇರೆ ಭಾಗವಿದೆ. ನನ್ನಂಥವರಿಗೆ ಬ್ಯಾಟರಿ ಉಳಿಯುವುದು ಅಲ್ಲೇ. ಚಾರ್ಜರ್ ಬರೀ 30 ವ್ಯಾಟಿನದು, ಇನ್ವರ್ಟರಿಗೆ ಹೊರೆಯೇ ಅಲ್ಲ.

ಒಂದು ಜುಲೈಯಲ್ಲಿ ಎರಡು ದಿನ ಕರೆಂಟಿರಲಿಲ್ಲ. ಇನ್ವರ್ಟರೂ ಕೈಕೊಟ್ಟಿತು. ಒಂದು ಪ್ರಸಂಗದ ಮೂರು ಗಂಟೆಯ ವಿಡಿಯೊವನ್ನು ಬ್ಯಾಟರಿಯಲ್ಲೇ ಕತ್ತರಿಸುತ್ತ ಕೂತಿದ್ದೆ. ಮೇಣದಬತ್ತಿ ಹಿಡಿದು ಬಂದ ಆಯಿ "ಇನ್ನೂ ಚಾರ್ಜ್ ಇದ್ದಾ?" ಎಂದು ಕೇಳಿದಳು. 38 ಪರ್ಸೆಂಟ್ ಇತ್ತು. ಆ ರಾತ್ರಿ ನನಗಾದ ಖುಷಿ ಈಗಲೂ ನೆನಪಿದೆ.

ತಗೊಳ್ಳುವವರಿಗೆ ಒಂದು ಮಾತು. ಮೆಮೊರಿ ಚಿಪ್ಪಿನ ಜೊತೆಗೇ ಕೂತಿರುತ್ತದೆ, ಆಮೇಲೆ ಹೆಚ್ಚಿಸಲು ಆಗುವುದಿಲ್ಲ. ನಾನು ದುಡ್ಡು ನೋಡಿ 8 ಜಿಬಿ ಆರಿಸಿದೆ. ಮೂರು ಕ್ಯಾಮೆರಾದ 4ಕೆ ವಿಡಿಯೊಗೆ ಅದು ಸಾಲದು. ಎಡಿಟಿಂಗ್ ಮಾಡುವವರು 16 ಜಿಬಿಯದೇ ನೋಡಿ. ಫ್ಯಾನಿಲ್ಲದ ಕಾರಣ ಉದ್ದದ ಎಕ್ಸ್‌ಪೋರ್ಟಿನಲ್ಲಿ, ಅಂದರೆ ಎಡಿಟ್ ಮುಗಿದದ್ದನ್ನು ವಿಡಿಯೊ ಫೈಲಾಗಿ ತೆಗೆಯುವಾಗ, ಬಿಸಿಯಾಗಿ ವೇಗ ತಗ್ಗುತ್ತದೆ. ನಾನು ಅದನ್ನು ರಾತ್ರಿ ಹಚ್ಚಿ ಮಲಗುತ್ತೇನೆ. ಇನ್ನು ನಮ್ಮ ಕಡೆಯ ತೇವಕ್ಕೆ ಲ್ಯಾಪ್‌ಟಾಪಿನ ಚೀಲವೇ ಬೂಷ್ಟು ಹಿಡಿಯಿತು. ಈಗ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಇಡುತ್ತೇನೆ.

ಬ್ಯಾಟರಿಯ ಸಾಮರ್ಥ್ಯ ಈಗ ಹೊಸದಿದ್ದಾಗಿನ 84 ಪರ್ಸೆಂಟಿಗೆ ಇಳಿದಿದೆ. ಎಡಿಟಿಂಗಿಗೆ ಆರು ಗಂಟೆ ಬರುತ್ತದೆ. 2025ರ ಎಂ4 ಏರ್ 16 ಜಿಬಿಯಿಂದಲೇ ಶುರು ಅಂತ ಗೊತ್ತು. ಆದರೂ ಹುಬ್ಬಳ್ಳಿಗೆ ಹೋದಾಗ ಇದಕ್ಕೇ ಹೊಸ ಬ್ಯಾಟರಿ ಹಾಕಿಸುತ್ತೇನೆ.